ಯಾರು ಓದುವ ಫಲಕ? ವಾಹನ ನೋಂದಣಿ ನಿಯಮಗಳಲ್ಲಿ ಲಿಪಿಯ ಚರಿತ್ರೆ

1. ಪೀಠಿಕೆ

ಮೋಟಾರು ವಾಹನಗಳ ಕಾಯ್ದೆ, 1988ರ 161ನೆಯ ಪ್ರಕರಣವು ‘ಹಿಟ್ ಅಂಡ್ ರನ್’ ಅಪಘಾತದ ಪರಿಹಾರವನ್ನು ಕುರಿತದ್ದು. ತಕ್ಕ ಪ್ರಯತ್ನಗಳನ್ನು ಮಾಡಿಯೂ ವಾಹನ ಯಾವುದೆಂದು ಗುರುತಿಸಲಾಗದ ಅಪಘಾತವೇ ಅದು. ವಾಹನದ ಗುರುತು ಸಿಕ್ಕರೆ ಮೃತರ ಕುಟುಂಬದವರು ನ್ಯಾಯಮಂಡಳಿಯ ಮುಂದೆ ಮೃತರ ವಯಸ್ಸು, ಆದಾಯ, ಅವಲಂಬಿತರ ಸಂಖ್ಯೆಗಳ ಆಧಾರದ ಮೇಲೆ ಪರಿಹಾರ ಕೇಳಬಹುದು. ಗುರುತು ಸಿಗದಿದ್ದರೆ ದೊರೆಯುವುದು ನಿಗದಿತ ಮೊತ್ತ ಮಾತ್ರ: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಈ ಎರಡು ದಾರಿಗಳ ನಡುವಿನ ಅಂತರವು ಅನೇಕ ವೇಳೆ ರಸ್ತೆಬದಿಯಲ್ಲಿದ್ದ ಯಾರೋ ಒಬ್ಬರು ಒಂದೆರಡು ಕ್ಷಣಗಳಲ್ಲಿ ನಾಲ್ಕು ಅಂಕಿ, ನಾಲ್ಕು ಅಕ್ಷರಗಳನ್ನು ಓದಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿರುತ್ತದೆ.

ನನ್ನ ಅಜ್ಜಿ ಕನ್ನಡವನ್ನು ಸರಾಗವಾಗಿ ಓದುತ್ತಿದ್ದರು. ಗೋಡೆಯ ಕ್ಯಾಲೆಂಡರಿನಿಂದಾಗಿ 1, 2, 3 ಎಂಬ ಅಂಕಿಗಳೂ ಅವರಿಗೆ ಪರಿಚಿತವಾಗಿದ್ದವು. ಇಂಗ್ಲಿಷ್ ಅಕ್ಷರಗಳು ಮಾತ್ರ ತಿಳಿದಿರಲಿಲ್ಲ. ನಮ್ಮ ಮನೆಯೆದುರು ಕಾರೊಂದು ಸೈಕಲ್ ಸವಾರನಿಗೆ ಗುದ್ದಿ ನಿಲ್ಲದೆ ಹೋದಾಗ ಅದನ್ನು ಕಂಡವರು ಅವರೊಬ್ಬರೇ. ವಿಚಾರಿಸಿದವರಿಗೆ ಅವರು ಕೊನೆಯ ನಾಲ್ಕು ಅಂಕಿಗಳನ್ನು ತಪ್ಪಿಲ್ಲದೆ ಹೇಳಿದರು. ನಡುವಿನ ಅಕ್ಷರದ ಬಗ್ಗೆ ಕೇಳಿದಾಗ, “ಗರಗಸದ ಹಲ್ಲಿನ ಹಾಗಿತ್ತು” ಎಂದರು. ಅದು ‘ಎಂ’ ಆಗಿರಬಹುದು, ‘ಡಬ್ಲ್ಯು’ ಆಗಿರಬಹುದು. ಆ ಕಾರು ಪತ್ತೆಯಾಗಲಿಲ್ಲ.

ಭಾಷಾ ಭೂದೃಶ್ಯದ ಅಧ್ಯಯನಗಳು ಅಂಗಡಿಗಳ ನಾಮಫಲಕ, ಬೀದಿಯ ಹೆಸರು, ಜಾಹೀರಾತುಗಳನ್ನು ಬಹುವಾಗಿ ಚರ್ಚಿಸಿವೆ. ಲಾಂಡ್ರಿ ಮತ್ತು ಬೂರ‍್ಹಿಸ್ ಅವರ 1997ರ ಲೇಖನದಿಂದ ಬೆಳೆದುಬಂದ ಈ ಪರಂಪರೆಯಲ್ಲಿ ವಾಹನದ ನೋಂದಣಿ ಫಲಕಕ್ಕೆ ದೊರೆತಿರುವ ಸ್ಥಾನ ಅತ್ಯಲ್ಪ. ಅದು ಭಾಷೆಯಲ್ಲ, ಬರಿಯ ಸಂಕೇತ ಎಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಈ ಭಾವನೆ ಸರಿಯಲ್ಲವೆಂಬುದು ಪ್ರಸ್ತುತ ಬರಹದ ವಾದ. ಫಲಕದ ನಿಯಮಗಳ ಚರಿತ್ರೆಯೆಂದರೆ ಆ ನಿಯಮಗಳು ಕಲ್ಪಿಸಿಕೊಂಡ ಓದುಗನ ಚರಿತ್ರೆ. ‘ಸ್ಪಷ್ಟವಾಗಿ ಓದುವಂತಿರಬೇಕು’ ಎಂದು ನಿಯಮ ಹೇಳಿದಾಗಲೆಲ್ಲ, ಯಾರು ಓದುವಂತಿರಬೇಕು ಎಂಬ ಪ್ರಶ್ನೆಗೂ ಅದು ಮೌನವಾಗಿ ಉತ್ತರ ಕೊಟ್ಟಿರುತ್ತದೆ.

2. ಹೆಸರಿನಿಂದ ಸಂಖ್ಯೆಗೆ

ವಾಹನಕ್ಕೆ ಫಲಕ ಹಾಕಬೇಕೆಂಬ ಆರಂಭದ ಆಜ್ಞೆಗಳಲ್ಲಿ ಒಂದು 1893ರ ಆಗಸ್ಟ್ 14ರಂದು ಪ್ಯಾರಿಸ್ ಪೊಲೀಸ್ ಆಡಳಿತ ಹೊರಡಿಸಿದ್ದು. ಲೋಹದ ಫಲಕದ ಮೇಲೆ ಓದಬಲ್ಲ ಬರಹದಲ್ಲಿ ಮಾಲೀಕನ ಹೆಸರು, ವಿಳಾಸ ಹಾಗೂ ಪರವಾನಗಿಯ ಸಂಖ್ಯೆ ಇರಬೇಕೆಂದು ಅದು ವಿಧಿಸಿತು. ಅಲ್ಲಿನ ಮೊದಲ ಫಲಕವು ಹೀಗೆ ಪೂರ್ಣಾರ್ಥದಲ್ಲಿ ಭಾಷಿಕ ಪಠ್ಯವಾಗಿತ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯವು 1901ರಲ್ಲಿ ನಿಯಮ ಮಾಡಿದಾಗ ಕೇಳಿದ್ದು ಸಂಖ್ಯೆಯನ್ನಲ್ಲ, ಮಾಲೀಕನ ಹೆಸರಿನ ಮೊದಲಕ್ಷರಗಳನ್ನು. ಫಲಕವನ್ನು ಮಾಲೀಕನೇ ಮಾಡಿಸಿಕೊಳ್ಳಬೇಕಿತ್ತು. ಒಂದೇ ಮೊದಲಕ್ಷರಗಳುಳ್ಳ ಹಲವರು ಇರುವುದು ಸಹಜವಾದ್ದರಿಂದ ಈ ಪದ್ಧತಿ ಬಹುಕಾಲ ನಿಲ್ಲುವಂತಿರಲಿಲ್ಲ. ಅದರ ಸ್ಥಾನಕ್ಕೆ ಸಂಖ್ಯೆ ಬಂದಿತು. 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ತಾನೇ ಫಲಕಗಳನ್ನು ತಯಾರಿಸಿ ಕೊಡಲಾರಂಭಿಸಿತು.

ಬ್ರಿಟನ್ನಿನ 1903ರ ಮೋಟಾರು ಕಾರು ಕಾಯ್ದೆ ಬೇರೊಂದು ಹೆಜ್ಜೆಯನ್ನಿಟ್ಟಿತು. 1904ರ ಜನವರಿ 1ರಿಂದ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಪ್ರತಿಯೊಂದು ಸ್ಥಳೀಯ ಆಡಳಿತಕ್ಕೂ ಅಕ್ಷರಗಳು ಹಂಚಿಕೆಯಾದವು: ಲಂಡನ್ನಿಗೆ ‘ಎ’, ಲ್ಯಾಂಕಾಶೈರಿಗೆ ‘ಬಿ’. ಊರಿನ ಹೆಸರಿನ ಧ್ವನಿಗೂ ಈ ಅಕ್ಷರಕ್ಕೂ ಸಂಬಂಧವಿರಲಿಲ್ಲ. ಸಂಕೇತ ಮತ್ತು ಸಂಕೇತಿತದ ಸಂಬಂಧ ಯಾದೃಚ್ಛಿಕವೆಂದು ನಾವು ತರಗತಿಯಲ್ಲಿ ಬೋಧಿಸುವ ತತ್ತ್ವಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ.

ಹತ್ತು ವರ್ಷಗಳ ಈ ಅವಧಿಯಲ್ಲಿ ಫಲಕವು ಹೆಸರಿನಿಂದ ಮೊದಲಕ್ಷರಕ್ಕೂ, ಅಲ್ಲಿಂದ ಸಂಖ್ಯೆಗೂ, ಕೊನೆಗೆ ಸ್ಥಳಸೂಚಕ ಅಕ್ಷರದೊಡನೆ ಸಂಖ್ಯೆಗೂ ಸಾಗಿಬಂದಿತು. ಪ್ಯಾರಿಸ್, ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದು ಬಲ್ಲ ದಾರಿಹೋಕನ ಲಿಪಿಯೂ ಫಲಕದ ಲಿಪಿಯೂ ಒಂದೇ ಆಗಿದ್ದುದರಿಂದ ಲಿಪಿಯ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಇದೇ ವ್ಯವಸ್ಥೆ ವಸಾಹತಿಗೆ ಬಂದಾಗ ಆ ಪ್ರಶ್ನೆ ಏಳಬೇಕಿತ್ತು.

3. ವಸಾಹತಿನಿಂದ ರಾಜ್ಯಕ್ಕೆ

ಭಾರತದಲ್ಲಿ 1914ರ ಮೋಟಾರು ವಾಹನಗಳ ಕಾಯ್ದೆಯ ನಂತರ 1939ರಲ್ಲಿ ವಿಸ್ತಾರವಾದ ಕಾಯ್ದೆ ಬಂದಿತು. ಅದರ 24ನೆಯ ಪ್ರಕರಣದಂತೆ ನೋಂದಣಿ ಪ್ರಾಧಿಕಾರವು ವಾಹನಕ್ಕೆ ಕೊಡಬೇಕಾದ ಗುರುತಿನಲ್ಲಿ, ಆರನೆಯ ಅನುಸೂಚಿಯು ಆ ಪ್ರಾಂತಕ್ಕೆ ಹಂಚಿದ ಅಕ್ಷರಗುಚ್ಛಗಳಲ್ಲಿ ಒಂದು, ಅದರ ಮುಂದೆ ನಾಲ್ಕು ಅಂಕಿಗಳನ್ನು ಮೀರದ ಸಂಖ್ಯೆ ಇರಬೇಕಿತ್ತು. ಅಕ್ಷರಗಳ ಹಂಚಿಕೆ ಕೇಂದ್ರದ ಕಾಯ್ದೆಯಲ್ಲಿದ್ದರೂ ಗುರುತನ್ನು ಪ್ರದರ್ಶಿಸುವ ರೀತಿಯನ್ನು ನಿಯಮಗಳ ಮೂಲಕ ಗೊತ್ತುಪಡಿಸುವ ಕೆಲಸ ಪ್ರಾಂತೀಯ ಸರ್ಕಾರಗಳ ಪಾಲಿನದಾಗಿತ್ತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿಯೂ ಯಾಂತ್ರಿಕ ವಾಹನಗಳ ವಿಷಯ ಸಮವರ್ತಿ ಪಟ್ಟಿಯ 35ನೆಯ ನಮೂದಾಗಿ ಉಳಿಯಿತು.

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ಪ್ರದೇಶಗಳು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಹಂಚಿಹೋಗಿದ್ದವು. ಧಾರವಾಡದ ಕಾರಿಗೂ ಮಂಗಳೂರಿನ ಕಾರಿಗೂ ಅಂದು ಒಂದೇ ಆಡಳಿತದ ಅಕ್ಷರಗಳಿರಲಿಲ್ಲ. ಏಕೀಕರಣದ ನಂತರ ಇವುಗಳಿಗೆ ಒಂದೇ ರಾಜ್ಯದ ಗುರುತು ದೊರೆಯಿತು. ‘ಎಂವೈ’ ಎಂದು ಆರಂಭವಾಗುವ ಮೂರಕ್ಷರದ ಗುಚ್ಛಗಳು ಹಳೆಯ ಮೈಸೂರು ರಾಜ್ಯದ ಹೆಸರನ್ನು ಹೊತ್ತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾದ ಮೇಲೂ ಬಹುಕಾಲ ರಸ್ತೆಯಲ್ಲಿ ಓಡಾಡಿದವು. ರಾಜ್ಯದ ಹೆಸರು ಬದಲಾದರೂ ನೋಂದಣಿಯಾದ ವಾಹನದ ಹೆಸರು ಬದಲಾಗುವುದಿಲ್ಲವಷ್ಟೆ.

ಈ ಘಟ್ಟದಲ್ಲಿ ಗಮನಿಸಬೇಕಾದ ರಚನೆಯ ಸಂಗತಿಯೊಂದಿದೆ. ಸಂಖ್ಯೆಯ ಭಾಗ ನಾಲ್ಕು ಅಂಕಿಗಳಿಗೆ ಸೀಮಿತವಾದ್ದರಿಂದ 9999 ಮುಗಿದೊಡನೆ ಮುಂದಿನ ಎಣಿಕೆಯನ್ನು ಅಕ್ಷರಗಳು ವಹಿಸಿಕೊಳ್ಳಬೇಕಾಗುತ್ತದೆ. ವಾಹನಗಳು ಹೆಚ್ಚಿದಂತೆಲ್ಲ ಅಂಕಿಗಳ ಸಂಖ್ಯೆ ಸ್ಥಿರವಾಗಿದ್ದು ಅಕ್ಷರಗಳ ಹೊರೆ ಹೆಚ್ಚುತ್ತದೆ. 1904ರ ಲಂಡನ್ನಿನಲ್ಲಿ ಒಂದು ಅಕ್ಷರವಿದ್ದರೆ ಇಂದಿನ ಬೆಂಗಳೂರಿನ ಕಾರಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಕ್ಷರಗಳಿವೆ: ರಾಜ್ಯಕ್ಕೆ ಎರಡು, ಶ್ರೇಣಿಗೆ ಎರಡು. ಅಂಕಿಗಳೊಡನೆ ಗೊಂದಲವಾಗದಿರಲೆಂದು ‘ಐ’ ಮತ್ತು ‘ಒ’ಗಳನ್ನು ಬಿಡುವುದು ರೂಢಿ. ಉಳಿದ 24 ಅಕ್ಷರಗಳಿಂದ ಎರಡಕ್ಷರದ 576 ಶ್ರೇಣಿಗಳು ತಾತ್ತ್ವಿಕವಾಗಿ ಸಾಧ್ಯ. ಒಂದೇ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿ ಒಂದೇ ನಾಲ್ಕಂಕಿಯ ಸಂಖ್ಯೆ ಅಷ್ಟು ಬಾರಿ ಮರಳಿ ಬರಬಹುದು. ಅಂಕಿಯನ್ನು ಮಾತ್ರ ಓದಬಲ್ಲ ಸಾಕ್ಷಿಯ ಮಾತಿನ ಮೌಲ್ಯ ಕುಗ್ಗುತ್ತಾ ಬಂದುದು ಹೀಗೆ. ನನ್ನ ಅಜ್ಜಿಯ ಓದು ಕಡಿಮೆಯಾಗಿರಲಿಲ್ಲ. ಫಲಕದಲ್ಲಿ ಅವರು ಓದಬಲ್ಲ ಭಾಗ ಕಡಿಮೆಯಾಗಿತ್ತು.

4. ‘ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ’

1988ರ ಕಾಯ್ದೆ ಮತ್ತು ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಜುಲೈ 1ರಂದು ಜಾರಿಗೆ ಬಂದವು. ಕಾಯ್ದೆಯ 41ನೆಯ ಪ್ರಕರಣದ 6ನೆಯ ಉಪಪ್ರಕರಣದ ಪ್ರಕಾರ ಅಕ್ಷರಗಳ ಹಂಚಿಕೆ ಮಾತ್ರವಲ್ಲ, ಪ್ರದರ್ಶನದ ರೂಪ ಮತ್ತು ರೀತಿಗಳೂ ಕೇಂದ್ರ ಸರ್ಕಾರ ಗೊತ್ತುಪಡಿಸಬೇಕಾದ ವಿಷಯಗಳಾದವು. 50ನೆಯ ನಿಯಮವು ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರೇಬಿಕ್ ರೂಪದಲ್ಲಿಯೂ ಇರಬೇಕೆಂದಿತು. 51ನೆಯ ನಿಯಮವು ಅಳತೆಯನ್ನು ಹೇಳಿತು: ಕಾರುಗಳ ಅಕ್ಷರ ಹಾಗೂ ಅಂಕಿಗಳ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10 ಮಿಲಿಮೀಟರ್, ನಡುವಿನ ಅಂತರ 10 ಮಿಲಿಮೀಟರ್. ಇದೇ ವರ್ಷ ಕರ್ನಾಟಕಕ್ಕೆ ‘ಕೆಎ’ ಎಂಬ ಸಂಕೇತ ದೊರೆಯಿತು.

ನಿಯಮದ ಪದಬಳಕೆಯನ್ನು ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಎರಡು ಅಂಶಗಳು ಕಾಣುತ್ತವೆ. ಮೊದಲನೆಯದು, ಲಿಪಿಯನ್ನು ಹೇಳಬೇಕಾದಲ್ಲಿ ಭಾಷೆಯನ್ನು ಹೇಳಿರುವುದು. ಫಲಕದ ಮೇಲಿರುವುದು ರೋಮನ್ ಲಿಪಿ. ಇಂಗ್ಲಿಷ್ ಭಾಷೆಯ ಒಂದು ಪದವೂ ಅಲ್ಲಿಲ್ಲ. ಎರಡನೆಯದು, ಅಂಕಿಗಳ ಹೆಸರು. ಸಂವಿಧಾನ ಸಭೆಯಲ್ಲಿ 1949ರ ಸೆಪ್ಟೆಂಬರಿನಲ್ಲಿ ಅಧಿಕೃತ ಭಾಷೆಯ ಕುರಿತು ನಡೆದ ತೀವ್ರ ಚರ್ಚೆಯಲ್ಲಿ ಅಂಕಿಗಳದೂ ಒಂದು ದೊಡ್ಡ ವಿವಾದವಾಗಿತ್ತು. ಅದರ ಫಲವಾಗಿ 343ನೆಯ ಅನುಚ್ಛೇದದಲ್ಲಿ ಬಂದ ಪದಗುಚ್ಛ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’. ಭಾರತದಲ್ಲಿ ಹುಟ್ಟಿ, ಅರಬರ ಮೂಲಕ ಯೂರೋಪನ್ನು ಸೇರಿ, ರೂಪ ಬದಲಿಸಿಕೊಂಡು ಮರಳಿದ ಅಂಕಿಗಳ ಚರಿತ್ರೆಯನ್ನೇ ಆ ಪದಗುಚ್ಛ ಅಡಕವಾಗಿ ಹೇಳುತ್ತದೆ. ನಾಲ್ಕು ದಶಕಗಳ ನಂತರ ಅದೇ ಆಕೃತಿಗಳನ್ನು ಕೇಂದ್ರದ ನಿಯಮ ‘ಅರೇಬಿಕ್’ ಎಂದು ಕರೆಯಿತು. ಒಂದೇ ರಾಷ್ಟ್ರದ ಎರಡು ಕಾನೂನು ಪಠ್ಯಗಳಲ್ಲಿ ಒಂದೇ ಆಕೃತಿಗೆ ಎರಡು ಹೆಸರುಗಳಿವೆ. ಸಂಧಾನಕ್ಕಾಗಿ ಬಹಳ ಯೋಚಿಸಿ ರೂಪಿಸಿದ ಹೆಸರು ತಾಂತ್ರಿಕ ನಿಯಮದಲ್ಲಿ ನೆನಪಿಗೂ ಬಂದಿಲ್ಲ.

ಗೋಕಾಕ್ ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಗೂ ಈ ನಿಯಮಕ್ಕೂ ನಡುವೆ ಏಳೇ ವರ್ಷಗಳ ಅಂತರ. ಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ ನಾಡು ಬೀದಿಗಿಳಿದಿತ್ತು. ಅದೇ ಬೀದಿಯಲ್ಲಿ ಓಡಾಡುವ ವಾಹನಗಳ ಮೇಲಿನ ಲಿಪಿಯನ್ನು ನಿರ್ಧರಿಸುವ ಅವಕಾಶ ರಾಜ್ಯದ ಕೈಯಿಂದ ಜಾರಿದುದು ಅಳತೆಯ ಕೋಷ್ಟಕಗಳ ನಡುವೆ, ಒಂದು ವಾಕ್ಯದ ಮೂಲಕ. ಭಾಷಾನೀತಿಯೆಂಬ ಹೆಸರನ್ನು ಹೊರದ ಪಠ್ಯಗಳಲ್ಲಿ ಭಾಷಾನೀತಿ ರೂಪುಗೊಳ್ಳುವುದನ್ನು ನಾವು ಇನ್ನಷ್ಟು ಗಮನಿಸಬೇಕಾಗಿದೆ.

5. ಫಲಕದಾಚೆಗಿನ ಕನ್ನಡ

ಫಲಕದ ಮೇಲೆ ಇಲ್ಲದ ಕನ್ನಡ ಫಲಕದ ಸುತ್ತಲೂ ಇದೆ. ಠಾಣೆಯ ದಾಖಲೆಯಲ್ಲಿ, ಪತ್ರಿಕೆಯ ಅಪಘಾತ ವರದಿಯಲ್ಲಿ, ಮಾತಿನಲ್ಲಿ ಎಲ್ಲೆಡೆ ನೋಂದಣಿ ಗುರುತು ‘ಕೆಎ-05’, ‘ಕೆಎ-19’ ಎಂಬ ರೂಪದಲ್ಲಿ ಕನ್ನಡದಲ್ಲಿಯೇ ಬದುಕುತ್ತಿದೆ. ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳ ಮೇಲೆ ಕನ್ನಡದಲ್ಲಿಯೂ ಸಂಖ್ಯೆ ಬರೆದಿರುವುದನ್ನು ಕಾಣುತ್ತೇವೆ. ಲಿಪ್ಯಂತರ ಸಾಧ್ಯವೇ ಎಂಬುದು ಆದ್ದರಿಂದ ಪ್ರಶ್ನೆಯಲ್ಲ. ಅದು ದಿನವೂ ನಡೆಯುತ್ತಿದೆ. ಹೇಗೆ ನಡೆಯುತ್ತಿದೆ ಎಂಬುದು ಪ್ರಶ್ನೆ.

ಕನ್ನಡವು ಅಕ್ಷರಾತ್ಮಕ ಲಿಪಿ. ರೋಮನ್ನಿನ ಎರಡು ವರ್ಣಗಳಲ್ಲಿ ಬರೆದ ರಾಜ್ಯಸಂಕೇತವು ಕನ್ನಡದ ‘ಕ’ ಎಂಬ ಒಂದೇ ಅಕ್ಷರಕ್ಕೆ ಸಮ. ಆದರೂ ಯಾರೂ ಅದನ್ನು ‘ಕ’ ಎಂದು ಓದುವುದಿಲ್ಲ. ವರ್ಣಗಳ ಇಂಗ್ಲಿಷ್ ಹೆಸರುಗಳನ್ನು ಹಿಡಿದು ‘ಕೆಎ’ ಎನ್ನುತ್ತೇವೆ. ಸಂಸ್ಥೆಗಳ ಹೆಸರುಗಳಲ್ಲಿಯೂ ಈ ಎರಡು ದಾರಿಗಳಿವೆ. ರಸ್ತೆ ಸಾರಿಗೆ ನಿಗಮ ‘ಕೆಎಸ್‌ಆರ್‌ಟಿಸಿ’ಯೂ ಹೌದು, ‘ಕ.ರಾ.ರ.ಸಾ.ನಿ.’ಯೂ ಹೌದು. ಮೊದಲನೆಯದು ಇಂಗ್ಲಿಷ್ ವರ್ಣನಾಮಗಳ ಲಿಪ್ಯಂತರ. ಎರಡನೆಯದು ಕನ್ನಡ ಪದಗಳ ಆದ್ಯಕ್ಷರಗಳ ಸಂಕ್ಷೇಪ. ನೋಂದಣಿ ಗುರುತಿನಲ್ಲಿ ಮೊದಲ ದಾರಿಯೇ ಗೆದ್ದಿದೆ. ಶ್ರೇಣಿಯ ಅಕ್ಷರಗಳು ಯಾವ ಪದದ ಸಂಕ್ಷೇಪವೂ ಅಲ್ಲವಾದ್ದರಿಂದ ಅದೊಂದೇ ಎಲ್ಲ ಅಕ್ಷರಗಳಿಗೂ ಅನ್ವಯಿಸುವ ದಾರಿ.

ಆದರೆ ಈ ದಾರಿ ಏಕರೂಪವಾಗಿಲ್ಲ. ಒಂದೇ ವರ್ಣವನ್ನು ‘ಎಚ್’ ಎಂದೂ ‘ಹೆಚ್’ ಎಂದೂ ಬರೆಯುತ್ತಾರೆ. ‘ಜಡ್’, ‘ಝಡ್’, ‘ಜೆಡ್’ ಮೂರೂ ಚಾಲ್ತಿಯಲ್ಲಿವೆ. ‘ಡಬ್ಲ್ಯು’, ‘ಡಬ್ಲ್ಯೂ’ ಎರಡೂ ಇವೆ. ಕಾಗದದ ಕಡತದಲ್ಲಿ ಇದು ಸಣ್ಣ ಸಂಗತಿ. ಗಣಕದಲ್ಲಿ ಹುಡುಕುವಾಗ ಒಂದು ವಾಹನ ಮೂರು ವಾಹನಗಳಾಗುತ್ತದೆ. ಕನ್ನಡ ಅಂಕಿಗಳಲ್ಲಿಯೂ ತೊಡಕುಗಳಿವೆ. ‘೦’ ಮತ್ತು ಅನುಸ್ವಾರದ ಆಕೃತಿ ಒಂದೇ. ‘ಕೆಎ’ಯ ಪಕ್ಕದಲ್ಲಿ ಬರೆದ ಸೊನ್ನೆ ‘ಕೆಎಂ’ ಎಂಬಂತೆ ಕಾಣಬಹುದು. ‘೩’, ‘೬’ಗಳನ್ನು ದೂರದಿಂದ ಬೇರ್ಪಡಿಸುವುದು ಸುಲಭವಲ್ಲ. ಕನ್ನಡ ಫಲಕವನ್ನು ಬಯಸುವವರು ಈ ತೊಡಕುಗಳನ್ನು ಅಲಕ್ಷಿಸಬಾರದು. ರೋಮನ್ನಿನಲ್ಲಿ ‘ಐ’, ‘ಒ’ಗಳನ್ನು ಕೈಬಿಟ್ಟಂತೆ ಕನ್ನಡದಲ್ಲಿಯೂ ಆಯ್ಕೆ ಮತ್ತು ಪ್ರಮಾಣೀಕರಣ ನಡೆಯಬೇಕಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಸಮಸ್ಯೆಯ ಮೂಲ ಅಂಕಿಗಳಲ್ಲಿಲ್ಲ. 1, 2, 3 ಎಂಬ ಅಂಕಿಗಳು ಇಂದು ಕನ್ನಡ ಬರಹದ ಭಾಗವೇ ಆಗಿವೆ. ಈ ಲೇಖನವೂ ಅವುಗಳನ್ನೇ ಬಳಸಿದೆ. ಕನ್ನಡವನ್ನು ಮಾತ್ರ ಓದಬಲ್ಲವರಿಗೆ ಎಟುಕದೆ ಉಳಿದಿರುವುದು ಅಕ್ಷರಗಳು. ಕನ್ನಡ ಫಲಕದ ಬೇಡಿಕೆ ಹಲವು ವೇಳೆ ಕನ್ನಡ ಅಂಕಿಗಳ ಅಭಿಮಾನವಾಗಿ ಪ್ರಕಟವಾಗಿದೆ. ಆ ಅಭಿಮಾನ ಅರ್ಥವಾಗುವಂಥದ್ದೇ ಆದರೂ ಸಾಕ್ಷಿಯ ದೃಷ್ಟಿಯಿಂದ ‘ಕೆಎ 05 ಎಂಡಬ್ಲ್ಯು’ ಎಂಬ ಮಿಶ್ರರೂಪವೇ ಹೆಚ್ಚು ಉಪಯುಕ್ತ.

6. ಬೇರೆ ಲಿಪಿಗಳ ಅನುಭವ

ಒಂದೇ ಫಲಕದ ಮೇಲೆ ಎರಡು ಲಿಪಿಗಳಿರುವುದು ಅಂತರರಾಷ್ಟ್ರೀಯ ಸಂಚಾರಕ್ಕೆ ಅಡ್ಡಿಯೆಂಬ ವಾದವಿದೆ. ರಸ್ತೆ ಸಂಚಾರದ ಕುರಿತ 1968ರ ವಿಯೆನ್ನಾ ಒಡಂಬಡಿಕೆಯ ಎರಡನೆಯ ಅನುಬಂಧ ಇದಕ್ಕೆ ನೇರ ಉತ್ತರ. ಅದು ಅರೇಬಿಕ್ ಅಂಕಿ ಹಾಗೂ ರೋಮನ್ ದೊಡ್ಡಕ್ಷರಗಳನ್ನು ಅಪೇಕ್ಷಿಸುತ್ತದೆ; ಬೇರೆ ಅಂಕಿ ಅಥವಾ ಲಿಪಿಯನ್ನು ಬಳಸಿದರೆ ಇವುಗಳಲ್ಲಿಯೂ ಮತ್ತೊಮ್ಮೆ ಬರೆದಿರಬೇಕೆನ್ನುತ್ತದೆ. ಅಂದರೆ ದ್ವಿಲಿಪಿ ಫಲಕಕ್ಕೆ ಅಲ್ಲಿ ಅವಕಾಶವಿದೆ.

ದೇಶಗಳು ಈ ಅವಕಾಶವನ್ನು ಹಲವು ಬಗೆಯಲ್ಲಿ ಬಳಸಿಕೊಂಡಿವೆ. ಸೌದಿ ಅರೇಬಿಯಾದ ಫಲಕಗಳಲ್ಲಿ ಅರಬ್ಬೀ ಹಾಗೂ ರೋಮನ್ ಎರಡೂ ಇವೆ. ರಷ್ಯಾ ಮತ್ತೊಂದು ಜಾಣ ದಾರಿಯನ್ನು ಹಿಡಿಯಿತು. ಸಿರಿಲಿಕ್ ಲಿಪಿಯ ಅಕ್ಷರಗಳಲ್ಲಿ ರೋಮನ್ ಅಕ್ಷರಗಳ ಆಕೃತಿಯನ್ನೇ ಹೋಲುವ 12ನ್ನು ಮಾತ್ರ ಆರಿಸಿಕೊಂಡಿತು. ರಷ್ಯನ್ ಓದುಗ ಅವನ್ನು ಸಿರಿಲಿಕ್ ಎಂದೇ ಓದುತ್ತಾನೆ, ಪರದೇಶದವನು ರೋಮನ್ ಎಂದು ಓದುತ್ತಾನೆ. ಗ್ರೀಸ್ ಮತ್ತು ಬಲ್ಗೇರಿಯಾಗಳದೂ ಇದೇ ಕ್ರಮ. ಜಪಾನಿನ ಫಲಕದಲ್ಲಿ ಊರಿನ ಹೆಸರು ಕಾಂಜಿಯಲ್ಲಿಯೂ ಒಂದು ಹಿರಗಾನ ಅಕ್ಷರವೂ ಇರುತ್ತವೆ. ಚೀನಾದಲ್ಲಿ ಪ್ರಾಂತವನ್ನು ಒಂದು ಚೀನೀ ಅಕ್ಷರ ಸೂಚಿಸುತ್ತದೆ. ಬಹುಕಾಲ ದೇವನಾಗರಿ ಫಲಕಗಳನ್ನೇ ಬಳಸಿದ ನೇಪಾಳದಲ್ಲಿ ರೋಮನ್ ಲಿಪಿಯ ಉಬ್ಬುಫಲಕಗಳನ್ನು ತಂದಾಗ ತೀವ್ರ ವಿರೋಧ ಎದ್ದಿತು. ಕನ್ನಡಕ್ಕೆ ರಷ್ಯಾದ ದಾರಿ ತೆರೆದಿಲ್ಲ, ಏಕೆಂದರೆ ಕನ್ನಡ ಮತ್ತು ರೋಮನ್ ಆಕೃತಿಗಳ ನಡುವೆ ಅಂಥ ಹೋಲಿಕೆ ಇಲ್ಲ. ಸೌದಿ ಅರೇಬಿಯಾದ ದಾರಿ ತೆರೆದಿದೆ.

7. ಯಂತ್ರವೆಂಬ ಓದುಗ

2001ರ ಮಾರ್ಚಿನ ಅಧಿಸೂಚನೆಯೊಂದಿಗೆ ಅತಿ ಸುರಕ್ಷಿತ ನೋಂದಣಿ ಫಲಕದ ಕಲ್ಪನೆ ಬಂದಿತು. ಫಲಕದ ಗುತ್ತಿಗೆಯ ಷರತ್ತುಗಳನ್ನು ಪ್ರಶ್ನಿಸಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ತೀರ್ಮಾನಿಸಿತು. 2019ರ ಏಪ್ರಿಲ್ 1ರಿಂದ ಎಲ್ಲ ಹೊಸ ವಾಹನಗಳಿಗೆ ಈ ಫಲಕ ಕಡ್ಡಾಯವಾಯಿತು. ಕರ್ನಾಟಕವು 2023ರ ಆಗಸ್ಟಿನಲ್ಲಿ ಹಳೆಯ ವಾಹನಗಳಿಗೂ ಇದನ್ನು ವಿಧಿಸಿ ಆ ವರ್ಷದ ನವೆಂಬರ್ 17ರ ಗಡುವು ಕೊಟ್ಟಿತು. ಗಡುವು ಮುಂದೆ ವಿಸ್ತರಣೆಯಾಯಿತು. ಕಾರಿನ ಫಲಕದ ಅಳತೆ 500 ಇಂಟು 120 ಅಥವಾ 340 ಇಂಟು 200 ಮಿಲಿಮೀಟರ್. ಕ್ರೋಮಿಯಂ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಗುರುತಿನ ಸಂಖ್ಯೆ, ನೀಲಿ ಬಣ್ಣದ ‘ಐಎನ್‌ಡಿ’ ಎಲ್ಲಕ್ಕೂ ಸ್ಥಾನ ನಿಗದಿಯಾಗಿದೆ. ಕುಂಚ ಹಿಡಿದು ಬರೆಯುತ್ತಿದ್ದ ಕಲಾವಿದರು, ರೇಡಿಯಂ ಕತ್ತರಿಸಿ ಅಂಟಿಸುತ್ತಿದ್ದ ಅಂಗಡಿಯವರು ಈ ಪಠ್ಯದ ಲಿಪಿಕಾರರಾಗಿ ಉಳಿದಿಲ್ಲ. ನಿಯಮವಿದ್ದರೂ ಮಾಲೀಕನ ಇಚ್ಛೆಯಿಂದ ಕನ್ನಡ ನುಸುಳುತ್ತಿದ್ದ ಜಾಗ ಹೀಗೆ ಮುಚ್ಚಿತು. 2021ರ ಸೆಪ್ಟೆಂಬರಿನಿಂದ ಬಂದ ‘ಬಿಎಚ್’ ಶ್ರೇಣಿಯಲ್ಲಿ ರಾಜ್ಯದ ಸಂಕೇತವೂ ಇಲ್ಲ. ಅಲ್ಲಿಯೂ ರೋಮನ್ನಿನ ಎರಡು ವರ್ಣಗಳು ಕನ್ನಡದ ‘ಭ’ಕಾರವೊಂದಕ್ಕೆ ಸಮವೆಂಬುದನ್ನು ಗಮನಿಸಬಹುದು.

ಇಂದಿನ ನಿಯಮ ಕಲ್ಪಿಸಿಕೊಳ್ಳುವ ಓದುಗ ಕ್ಯಾಮೆರಾ. ಏಕರೂಪದ ಅಕ್ಷರವಿನ್ಯಾಸ ಬೇಕಾಗಿರುವುದು ಅದಕ್ಕೆ. ಈ ಕಾರಣಕ್ಕೆ ಕನ್ನಡದ ಪ್ರಶ್ನೆ ಮುಗಿಯಿತೆಂದು ಭಾವಿಸುವುದುಂಟು. ನನಗೆ ಕಾಣುವುದು ಇದಕ್ಕೆ ವಿರುದ್ಧವಾದದ್ದು. ಯಂತ್ರಕ್ಕೆ ವಾಹನವನ್ನು ಗುರುತಿಸುವ ಬೇರೆ ದಾರಿಗಳೂ ಬಂದಿವೆ. 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್‌ನಲ್ಲಿ ಟೋಲ್ ಕಟ್ಟೆಯ ಯಂತ್ರ ಒಂದಕ್ಷರವನ್ನೂ ಓದದೆ ವಾಹನವನ್ನು ಗುರುತಿಸುತ್ತದೆ. ಕ್ಯಾಮೆರಾ ಇಲ್ಲದ ಹಳ್ಳಿಯ ತಿರುವಿನಲ್ಲಿ, ರಾತ್ರಿಯ ಹೆದ್ದಾರಿಯ ಬದಿಯಲ್ಲಿ ಫಲಕದ ಅಕ್ಷರಗಳನ್ನು ಓದಬೇಕಾದವರು ಇಂದಿಗೂ ಮನುಷ್ಯರೇ. 161ನೆಯ ಪ್ರಕರಣ ಅನ್ವಯವಾಗುವುದೂ ಅಂಥ ಸ್ಥಳಗಳಲ್ಲಿಯೇ.

ಈ ಚರಿತ್ರೆಯಿಂದ ನಮ್ಮ ಅಧ್ಯಯನಕ್ಕೆ ಮೂರು ಕೆಲಸಗಳು ಒದಗುತ್ತವೆ. ನಿಯಮ, ಅಧಿಸೂಚನೆ, ಅಳತೆಯ ಕೋಷ್ಟಕಗಳನ್ನು ಭಾಷಾ ಭೂದೃಶ್ಯದ ಆಕರಗಳೆಂದು ಓದಬೇಕು. ಇಂಗ್ಲಿಷ್ ವರ್ಣನಾಮಗಳ ಕನ್ನಡ ಬರಹವನ್ನು ಒಂದು ಪ್ರಮಾಣಕ್ಕೆ ತರಬೇಕು. ಅದಕ್ಕೆ ಕಾಯ್ದೆಯ ತಿದ್ದುಪಡಿಯ ಅಗತ್ಯವೂ ಇಲ್ಲ. ದೂರ, ವೇಗ, ಬೆಳಕುಗಳ ಭಿನ್ನ ಸನ್ನಿವೇಶಗಳಲ್ಲಿ ಕನ್ನಡ ಅಕ್ಷರಗಳು ಎಷ್ಟರಮಟ್ಟಿಗೆ ಓದಲು ಬರುತ್ತವೆಂದು ಪ್ರಯೋಗದಿಂದ ತಿಳಿಯಬೇಕು. ರೋಮನ್ ಸಾಲಿನ ಕೆಳಗೆ ಕನ್ನಡದ ಒಂದು ಸಾಲು ಬೇಕೆಂದು ಕೇಳುವವರ ಕೈಯಲ್ಲಿ ಅಭಿಮಾನದ ಜೊತೆಗೆ ಈ ಮೂರರ ಫಲಿತಾಂಶಗಳೂ ಇರಬೇಕು. ಆಗ ಗರಗಸದ ಹಲ್ಲಿನಂತಿದ್ದ ಅಕ್ಷರಕ್ಕೆ ಅದನ್ನು ಕಂಡವರ ಬಾಯಲ್ಲಿಯೂ ಒಂದು ಹೆಸರಿರುತ್ತದೆ.